ಗುಡುಗಜ್ಜಿಯ ಗುಟ್ಟು ಮತ್ತು ನನ್ನ ಮೈಕು

ಮೈಕು ಕೈಯಲ್ಲಿದ್ದರೆ ನಾನು ಯಾರಿಗೂ ಹೆದರುವವನಲ್ಲ. ಮೈಕು ಇಲ್ಲದಾಗ ಹೆಂಡತಿಗೆ ಹೆದರುತ್ತೇನೆ, ಆದರೆ ಅದು ಬೇರೆ ವಿಷಯ.

ಊರು ಯಡೂರು, ಹೆಸರು ಬಾಳಾಸಾಹೇಬ, ಹೊಟ್ಟೆಪಾಡಿಗೆ ಎರಡೂವರೆ ಎಕರೆ ಕಬ್ಬು. ಕಬ್ಬಿನ ಬಗ್ಗೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕಿನಲ್ಲಿ ಎಲ್ಲಿ ಕುಸ್ತಿ ನಡೆದರೂ ಪೈಲವಾನರ ಪರಿಚಯ ಹೇಳಲು ಕರೆ ಬರುವುದು ನನಗೇ. ಇಪ್ಪತ್ತೆರಡು ವರ್ಷದ ಸೇವೆ! ಯಾರ ಕೈಹಿಡಿದ ಪಟ್ಟು ಯಾವುದು, ಯಾರು ಕುಸ್ತಿಯ ದಿನ ಬಾಳೆಹಣ್ಣು ಮುಟ್ಟುವುದಿಲ್ಲ, ಆನೆಯಂಥ ಮೈಯಿದ್ದೂ ಯಾರು ಜಿರಳೆಗೆ ಹೆದರುತ್ತಾರೆ, ಜನಕ್ಕೆ ಗೊತ್ತಿಲ್ಲದ ಇಂಥ ಸಂಗತಿಗಳೆಲ್ಲ ನನ್ನ ಕೆಂಪು ರಟ್ಟಿನ ವಹಿಯಲ್ಲಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಪೈಲವಾನ ಯಾವ ವಸ್ತಾದರ ಶಿಷ್ಯ ಎಂಬುದು ಅದರಲ್ಲಿದೆ. ನಮ್ಮ ಕಡೆ ಕುಸ್ತಿಯ ಗುರುವಿಗೆ ವಸ್ತಾದ ಎನ್ನುತ್ತಾರೆ. ವಸ್ತಾದರ ಹೆಸರು ಹೇಳದೆ ಪೈಲವಾನನನ್ನು ಆಖಾಡಕ್ಕೆ ಇಳಿಸಿದರೆ ಅವನಿಗೂ ಅವಮಾನ, ನನಗೂ ಅವಮಾನ.

ನಾನೂ ಹರೆಯದಲ್ಲಿ ಒಮ್ಮೆ ಆಖಾಡಕ್ಕೆ ಇಳಿದಿದ್ದೆ. ಎದುರಾಳಿಗೆ ಕೈ ಕೊಟ್ಟೆ. ಅವನು ಬಿಡಲಿಲ್ಲ. ಆಮೇಲೆ ಆಕಾಶ ಕಂಡಿತು! ಅಲ್ಲಿಗೆ ಗೆದ್ದವರಿಗೆ ಕೊಡುವ ಗದೆ ನಮ್ಮ ಮನೆಗೆ ಬರುವ ಆಸೆಯೂ ಮುಗಿಯಿತು. ಎಷ್ಟೋ ಸಲ ಊಟಕ್ಕೆ ಕುಳಿತಾಗ "ಈ ಮನಿಗೆ ಒಂದ್ ಗದಾ ಬರಲಿಲ್ಲ ನೋಡು" ಎಂದು ನಿಟ್ಟುಸಿರು ಬಿಟ್ಟಿದ್ದೇನೆ. ಹೆಂಡತಿ ಸುರೇಖಾ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮಗಳು ಅಶ್ವಿನಿ ಹಾಕಿಕೊಂಡಿದ್ದಳು, ಅದು ನನಗೆ ಗೊತ್ತಿರಲಿಲ್ಲ.

ಅಶ್ವಿನಿ ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ನನ್ನ ಗಂಟಲೆಂದರೆ ಅವಳಿಗೆ ಮೊದಲಿಂದಲೂ ಮುಜುಗರ. ಅವಳು ಶಾಲೆಯಲ್ಲಿದ್ದಾಗ ಮಾಸ್ತರರ ಬಳಿ ಹೋಗಿ "ಗಣಿತದಾಗ ಯಾಕ ಹನ್ನೊಂದು ಬಂದಾವರಿ?" ಎಂದು ಮೆಲ್ಲಗೆ ಕೇಳಿದ್ದೆ. ಪಕ್ಕದ ಎರಡು ತರಗತಿಗೆ ಕೇಳಿಸಿತಂತೆ. ಅಂದಿನಿಂದ ನಾನು ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೂ ಅವಳು ಕಣ್ಣಲ್ಲೇ "ಮಾತಾಡಬ್ಯಾಡ" ಎನ್ನುತ್ತಿದ್ದಳು. ಅಂಥವಳು ಒಂದು ದಿನ ಬಂದು ಎದುರಿಗೆ ಕುಳಿತಳು.

"ಅಪ್ಪಾ, ಶುಕ್ರವಾರ ನೀ ಖಾಲಿ ಅದಿ ಏನು?"

"ಯಾಕ?"

"ಕಾಲೇಜ್ ಗ್ಯಾದರಿಂಗದಾಗ ವಿಡಿಯೊ ಗೇಮ್ ಸ್ಪರ್ಧಾ ಐತಿ. ಮೈಕಿನಾಗ ಹೇಳಾವಗ ಗಂಟಲ ಕಟ್ಟೇತಿ. ನಮ್ಮಪ್ಪ ಅದಾರ, ಅವರಂಗ ಯಾರೂ ಹೇಳಂಗಿಲ್ಲ ಅಂತ ಸರ್‌ಗೆ ಹೇಳೇನಿ."

ನನಗೆ ಕಣ್ಣು ತುಂಬಿ ಬಂತು. ಕಬ್ಬಿನ ದೂಳು ಎಂದು ಹೇಳಿ ಒರೆಸಿಕೊಂಡೆ.

"ನಾನೂ ಆಡಾಕತ್ತೇನಿ. ಗೆದ್ದಾವ್ರಿಗೆ ಗದಾ ಕೊಡ್ತಾರ, ಖರೇ ಗದಾ! ಅದನ್ನ ತಂದು ಮನ್ಯಾಗ ತೂಗಹಾಕೇ ಬಿಡ್ತೇನಿ" ಎಂದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸುರೇಖಾ ಎದ್ದು ಬಂದು, ನಡುಮನೆಯ ಗೋಡೆಗೆ ಆಗಿಂದಾಗಲೇ ಒಂದು ದೊಡ್ಡ ಮೊಳೆ ಹೊಡೆದಳು.

ಆಟ ಏನೆಂದು ಮಗಳು ತಿಳಿಸಿ ಹೇಳಿದಳು. ಅಡುಗೆ ಮಾಡುವ ಆಟ, ರೈಲು ಓಡಿಸುವ ಆಟ, ಗಣಿ ಅಗೆಯುವ ಆಟ, ಹೀಗೆ ಬೇರೆ ಬೇರೆ ಆಟಗಳ ಪಾತ್ರಗಳೆಲ್ಲ ಒಂದೇ ಆಖಾಡಕ್ಕೆ ಬಂದು ಬಡಿದಾಡುತ್ತವಂತೆ. ಇಷ್ಟೇನಾ! ಕೊಲ್ಹಾಪುರದವ, ಸಾಂಗಲಿಯವ, ಬೆಳಗಾವಿಯವ ಒಂದೇ ಮಣ್ಣಿಗೆ ಇಳಿದರೆ ಏನಾಗುತ್ತದೆಂದು ನನಗೆ ಹೇಳಿಕೊಡಬೇಕೆ? ವಹಿ ಬಿಚ್ಚಿ ಹೊಸ ಪುಟ ತೆಗೆದೆ.

ಎರಡು ಸಂಜೆ ಪಾಠ ನಡೆಯಿತು. ಪಾತ್ರಗಳ ಇಂಗ್ಲಿಷ್ ಹೆಸರಿಗೆ ನನ್ನ ನಾಲಿಗೆ ಹೊರಳದ್ದರಿಂದ ಎಲ್ಲರಿಗೂ ನಾನೇ ನಾಮಕರಣ ಮಾಡಿದೆ. ಮೊಣಕಾಲೆತ್ತರದ ಮೂಲಂಗಿ ಪೈಲವಾನ: ನೋಡಲು ಚಿಕ್ಕವನು, ಆದರೆ ಎಲ್ಲರಿಗಿಂತ ಹಿರಿಯ, ಮುನ್ನೂರು ವರ್ಷ ನೆಲದೊಳಗಿದ್ದವನು. ಎಂಟಡಿ ಎತ್ತರದ ಬಂಡೆರಾಯ: ಬೆಕ್ಕು ಕಂಡರೆ ಅಳುತ್ತಾನೆ. ಟಪಾಲು ಹಂಚುವ ಕರಡಿ: ಒಂದೂ ಕಾಗದ ಓದಲು ಬರುವುದಿಲ್ಲ. ಕೊನೆಗೆ ಮಗಳ ಪಾತ್ರ, ಸೌಟು ಹಿಡಿದ ಗುಡುಗಜ್ಜಿ.

"ಆ ಮುದುಕಿ ಯಾರ ಮನಿಯಾಕಿ?" ಎಂದು ಸುರೇಖಾ ಒಳಗಿನಿಂದ ಕೇಳಿದಳು.

"ಆಕಿ ಯಾರ ಮನಿಯಾಕಿನೂ ಅಲ್ಲಬೇ, ಗೇಮಿನಾಗಿನಾಕಿ!"

"ಸೌಟ ಹಿಡಕೊಂಡಾಳ ಅಂದ್ರ ಯಾರ್ದರ ಮನ್ಯಾಗ ದುಡೀತಾಳ ತಗೋ."

ನಾನು ಪೆನ್ನು ಎತ್ತಿದೆ. "ಅಜ್ಜಿಯ ಕೈಹಿಡಿದ ಪಟ್ಟು ಯಾವುದು? ಕಚ್ಚಾ ಜಾಗ, ಅಂದರೆ ಹೊಡೆತ ತಿಂದರೆ ಸೋಲುವ ಜಾಗ, ಯಾವುದು?"

ಮಗಳು ಆಚೀಚೆ ನೋಡಿದಳು. "ಇದನ್ನ ಬರಕೋಬ್ಯಾಡ. ಸೌಟ ಮೂರ್ ಸುತ್ತ ತಿರುವಿ ಹೊಡದ ಮ್ಯಾಲೆ ಅಜ್ಜಿ ಚಷ್ಮಾ ಸರಿ ಮಾಡ್ಕೋತಾಳ, ಒಂದss ಕ್ಷಣ. ಆಗ ಮೊಣಕಾಲಿಗೆ ಹೊಡದ್ರ ಮುಗೀತು, ಏಳಂಗಿಲ್ಲ. ಭಾಳ ಮಂದಿಗೆ ಗೊತ್ತಿಲ್ಲಪಾ. ನನಗ ಗೊತ್ತಾಗಾಕ ಎಂಟ ತಿಂಗಳ ಹಿಡೀತು. ಯಾರ ಮುಂದೂ ಬಾಯಿ ಬಿಡಬ್ಯಾಡ."

"ನಾ ಬಾಯಿ ಬಿಡತೇನೇನು!" ಎಂದು ಪೆನ್ನಿನ ಟೊಪ್ಪಿಗೆ ಮುಚ್ಚಿದೆ. ಎಡವಟ್ಟಾದದ್ದೇ ಅಲ್ಲಿ. ಬರೆದುಕೊಂಡದ್ದು ನನಗೆ ಮರೆತುಹೋಗುತ್ತದೆ, ಬರೆದುಕೊಳ್ಳದ್ದು ಸಾಯುವವರೆಗೆ ನೆನಪಿರುತ್ತದೆ.

ಶುಕ್ರವಾರ ತಲೆಗೆ ಗುಲಾಬಿ ಪಟಕಾ ಸುತ್ತಿಕೊಂಡು ಕಾಲೇಜಿನ ಸಭಾಭವನಕ್ಕೆ ಹೋದೆ. ಐದೂ ತಾಲೂಕಿನ ಕಾಲೇಜುಗಳ ಹುಡುಗ ಹುಡುಗಿಯರು ತುಂಬಿದ್ದರು. ವೇದಿಕೆಯ ಮೇಲೆ ದೊಡ್ಡ ಪರದೆ, ಅದರ ಕೆಳಗೆ ಆಡುವವರಿಗೆ ಎರಡು ಕುರ್ಚಿ, ಮೇಜಿನ ಮೇಲೆ ಥಳಥಳ ಹೊಳೆಯುವ ಗದೆ. ಉಸ್ತುವಾರಿಯ ಸರ್ ಕೈಗೆ ಮೈಕು ಕೊಟ್ಟರು. ಮೈಯಲ್ಲಿ ಕರೆಂಟು ಹರಿದಂತಾಯಿತು.

ಮೊದಲ ಜೋಡಿ ಪರದೆಗೆ ಬಂತು. ಒಂದು ಕಡೆ ಎಂಟಡಿ ಬಂಡೆರಾಯ, ಇನ್ನೊಂದು ಕಡೆ ಮೂಲಂಗಿ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಅನ್ಯಾಯದ ಜೋಡಿಯನ್ನು ನಾನು ಬಿಟ್ಟವನಲ್ಲ!

"ನಿಲ್ಲಸ್ರಿ! ತೂಕದಾಗ ಜೋಡಿ ಕೂಡಂಗಿಲ್ಲ. ಈ ಕುಸ್ತಿಗೆ ನನ್ನ ಒಪ್ಪಿಗಿ ಇಲ್ಲ!" ಎಂದು ಗುಡುಗಿದೆ.

ಸರ್ ಓಡಿ ಬಂದರು. "ಕಾಕಾ, ಇಲ್ಲಿ ತೂಕ ನೋಡಂಗಿಲ್ಲರಿ."

"ಆ ಕೂಸು ಸಾಯ್ತೈತ್ರಿ ಸರ್!"

ಹತ್ತು ಸೆಕೆಂಡಿನಲ್ಲಿ ಮೂಲಂಗಿ ಬಂಡೆರಾಯನನ್ನು ಎತ್ತಿ ಒಗೆದ. ಸಭೆ ಹೋ ಎಂದಿತು. ನಾನು ಪಟಕಾ ಸರಿಪಡಿಸಿಕೊಂಡು, "ಮೂಲಂಗಿ ಪೈಲವಾನರ ತಾಕತ್ತು ನನಗೆ ಮೊದಲೇ ಗೊತ್ತಿತ್ತು" ಎಂದು ಘೋಷಿಸಿದೆ.

ಎರಡನೇ ಜೋಡಿಗೆ ವಹಿ ತೆಗೆದಾಗ ಗಾಬರಿಯಾಯಿತು. ಊರಿನ ಕಾಲಂ ಖಾಲಿ! ವಸ್ತಾದರ ಕಾಲಂ ಖಾಲಿ! ಅನಾಥರಂತೆ ಪೈಲವಾನರನ್ನು ಹೇಗೆ ಇಳಿಸಲಿ? ಕೂಡಲೇ ದತ್ತಕದ ಕೆಲಸ ಶುರು ಮಾಡಿದೆ. ಕರಡಿಯನ್ನು ನಿಪ್ಪಾಣಿಗೆ ಕೊಟ್ಟೆ. ಬಂಡೆರಾಯನನ್ನು ರಾಯಬಾಗಕ್ಕೆ, ಮೂಲಂಗಿಯನ್ನು ಅಥಣಿಗೆ, ಉಳಿದವರನ್ನು ಚಿಕ್ಕೋಡಿ, ಕಾಗವಾಡಕ್ಕೆ ತಕರಾರು ಬರದಂತೆ ಹಂಚಿದೆ. ಬಾಯಿಗೆ ಬಂದ ವಸ್ತಾದರನ್ನೂ ಒಬ್ಬೊಬ್ಬರಿಗೆ ಕೊಟ್ಟೆ. ಪ್ರತಿ ತಾಲೂಕಿನ ಹೆಸರಿಗೂ ಆ ತಾಲೂಕಿನವರ ಶಿಳ್ಳೆ! ಮಗಳು ಆಟಗಾರರ ಸಾಲಿನಲ್ಲಿ ಕುಳಿತು ನಗುತ್ತಿದ್ದಳು. ನನ್ನ ದನಿ ಇನ್ನೂ ಏರಿತು.

ಆಗ ಕರಡಿಯನ್ನು ಆಡಿಸಲು ಒಬ್ಬ ಹುಡುಗ ಕುರ್ಚಿಗೆ ಬಂದ. ಅವನು ರಾಯಬಾಗದವನು. ಹಿಂದಿನ ಸಾಲಿನಿಂದ ಅವನ ಊರಿನವರೇ ಎದ್ದರು.

"ಏ, ನಮ್ಮ ಬಂಡೆರಾಯನ ಬಿಟ್ಟು ನಿಪ್ಪಾಣಿ ಕರಡಿ ಯಾಕ್ ಹಿಡದಿಲೇ?"

ನಿಪ್ಪಾಣಿಯವರೂ ಎದ್ದರು. "ನಮ್ಮ ಕರಡಿ ಅವಂಗ ಕೊಡಂಗಿಲ್ಲ!"

ಗದ್ದಲ ಕೈಮೀರಿತು. ಆ ಹುಡುಗ ಪಾಪ, ಒಂದು ವರ್ಷದಿಂದ ಕರಡಿಯನ್ನೇ ಅಭ್ಯಾಸ ಮಾಡಿದವನು, ತಾಲೂಕಿಗೆ ದ್ರೋಹ ಮಾಡಿದವನಂತೆ ಕುಳಿತಿದ್ದ. ಸರ್ ನನ್ನ ಕಡೆ ಕೈ ಮುಗಿದರು. ನಾನು ಮೈಕು ಎತ್ತಿದೆ.

"ಬಂಧುಗಳೇ, ಶಾಂತರಾಗಿ! ಬಹಳ ಮಂದಿಗೆ ತಿಳಿಯದ ಒಂದು ಸಂಗತಿ. ಕರಡಿ ಪೈಲವಾನರು ಹುಟ್ಟಿದ್ದು ನಿಪ್ಪಾಣಿಯಲ್ಲಿ, ಆದರೆ ಅವರ ತಾಯಿಯ ತವರುಮನೆ ರಾಯಬಾಗ!"

ಎರಡೂ ಕಡೆಯವರು ಚಪ್ಪಾಳೆ ತಟ್ಟಿ ಕುಳಿತರು. ಮುಂದಿನ ಸಾಲಿನ ಚಷ್ಮಾ ಹುಡುಗನೊಬ್ಬ ಮಾತ್ರ ಕೈ ಎತ್ತಿದ. "ಕಾಕಾ, ಕರಡಿಗೆ ತಾಯಿ ಇಲ್ಲರಿ. ಅದು ಗೊಂಬಿ ಐತ್ರಿ, ಮಷಿನ್ ಮ್ಯಾಲೆ ಹೊಲದದ್ದು."

"ಹಂಗಾರ ಹೊಲದಾಕಿನೇ ತಾಯಿ. ಆಕಿ ತವರಮನಿ ರಾಯಬಾಗ!"

ಸಭಾಭವನ ಬಿದ್ದು ಬಿದ್ದು ನಕ್ಕಿತು. ನನಗೆ ನಶೆ ಏರಿದ್ದೇ ಆಗ. ಸುಳ್ಳನ್ನೇ ಇಷ್ಟು ಚಂದ ಹೇಳುವವನು ನಿಜ ಹೇಳಿದರೆ ಹೇಗಿದ್ದೀತು ಎಂದು ಒಳಗೊಳಗೇ ಉಬ್ಬಿದೆ.

ಸಾಯಂಕಾಲ ಐದಕ್ಕೆ ಕೊನೆಯ ಜೋಡಿ. ಒಂದು ಕುರ್ಚಿಯಲ್ಲಿ ನನ್ನ ಅಶ್ವಿನಿ, ಗುಡುಗಜ್ಜಿಯ ಜೊತೆ. ಇನ್ನೊಂದರಲ್ಲಿ ತೆಲಸಂಗದ ರೇಣುಕಾ, ಮೂಲಂಗಿಯ ಜೊತೆ. ಮನೆಯಲ್ಲಿ ಆಡು ಕಾಯುವ ಹುಡುಗಿ, ಅಣ್ಣನ ಒಡೆದ ಗಾಜಿನ ಮೊಬೈಲಿನಲ್ಲಿ ಆಟ ಕಲಿತವಳಂತೆ. ಮುಖದಲ್ಲಿ ನಗುವಿಲ್ಲ, ಮಾತಿಲ್ಲ. ಮೊದಲ ಸುತ್ತು ನನ್ನ ಮಗಳಿಗೆ, ಎರಡನೆಯದು ಅವಳಿಗೆ. ಮೂರನೆಯದರಲ್ಲಿ ಗೆದ್ದವರಿಗೆ ಗದೆ.

ಮೂರನೇ ಸುತ್ತಿನಲ್ಲಿ ಅಜ್ಜಿಯ ಸೌಟಿಗೆ ಮೂಲಂಗಿ ತತ್ತರಿಸಿದ. ಇನ್ನು ಒಂದೇ ಪೆಟ್ಟು ಬಾಕಿ! ನನ್ನ ಕಣ್ಣ ಮುಂದೆ ಗೋಡೆಯ ಮೊಳೆ ಬಂದು ನಿಂತಿತು. ನನ್ನ ಮಗಳು! ನನ್ನ ಮನೆಗೆ ಗದೆ! ಇಷ್ಟು ದೊಡ್ಡ ಹೊತ್ತಿನಲ್ಲಿ ಒಂದು ದೊಡ್ಡ ಮಾತು ಹೇಳದಿದ್ದರೆ ನನ್ನ ಇಪ್ಪತ್ತೆರಡು ವರ್ಷ ವ್ಯರ್ಥ ಅನಿಸಿತು.

"ನೋಡ್ರಿ, ಗುಡುಗಜ್ಜಿ ಸೌಟು ತಿರುವುತ್ತಿದ್ದಾಳೆ! ಒಂದು... ಎರಡು... ಮೂರು! ಈಗ ಬಹಳ ಮಂದಿಗೆ ತಿಳಿಯದ ಸಂಗತಿ ಕೇಳ್ರಿ! ಈ ಪಟ್ಟಿನ ನಂತರ ಅಜ್ಜಿ ಚಷ್ಮಾ ಸರಿಮಾಡಿಕೊಳ್ಳುತ್ತಾಳೆ, ಆಗ ಮೊಣಕಾಲಿಗೆ ಹೊಡೆದರೆ ಮುಗೀತು!"

ಸೌಟು ಗುರಿ ತಪ್ಪಿತ್ತು. ಅಜ್ಜಿ ಚಷ್ಮಾಕ್ಕೆ ಕೈ ಹಾಕಿದಳು. ರೇಣುಕಾ ಕೈಯಲ್ಲಿದ್ದ ಮೊಬೈಲಿನಿಂದ ತಲೆ ಎತ್ತಲಿಲ್ಲ. ಮೂಲಂಗಿ ಸುಯ್ಯನೆ ಜಾರಿ ಬಂದು ಮೊಣಕಾಲಿಗೆ ಹೊಡೆದ. ಅಜ್ಜಿ ಅಂಗಾತ ಬಿದ್ದಳು.

"ಚಿತ್!" ಎಂದು ಕೂಗಿದೆ. ರೂಢಿಯ ಬಲ! ಹೆತ್ತ ಮಗಳ ಸೋಲನ್ನು ಅಷ್ಟು ಗಟ್ಟಿಯಾಗಿ ಕೂಗಿದ ತಂದೆ ಐದು ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಕೂಗಿದ ಮೇಲೆ ತಿಳಿಯಿತು. ಮಗಳು ನಿಧಾನವಾಗಿ ನನ್ನ ಕಡೆ ತಿರುಗಿದಳು.

ಅಷ್ಟಕ್ಕೇ ಮುಗಿಯಲಿಲ್ಲ. ಗೆದ್ದವರನ್ನು ಮಾತಾಡಿಸುವ ಕೆಲಸವೂ ನನ್ನದೇ. ರೇಣುಕಾ ಗದೆ ಹೆಗಲಿಗೇರಿಸಿಕೊಂಡು ಬಂದಳು. ಏನು ಕೇಳಬೇಕೋ ತೋಚದೆ ನಾಲಿಗೆ ಹಳೆಯ ಪ್ರಶ್ನೆಯನ್ನೇ ಕೇಳಿತು.

"ತಮ್ಮ ವಸ್ತಾದರು ಯಾರು?"

ಆ ಹುಡುಗಿ ಅಂದು ಮೊದಲ ಸಲ ನಕ್ಕಳು. "ಈಗಿನತನಕಾ ಯಾರೂ ಇರಲಿಲ್ಲರಿ ಕಾಕಾ. ಇನ್ನ ಮುಂದ ನೀವss" ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ಆ ದಿನದ ಅತಿ ಜೋರಿನ ಚಪ್ಪಾಳೆ ಅದಕ್ಕೇ ಬಿತ್ತು.

ಚಿಕ್ಕೋಡಿಯಿಂದ ಯಡೂರಿನ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ನಾನು ಪಟಕಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡೆ. ಅರ್ಧ ದಾರಿಯಾದ ಮೇಲೆ ಅವಳೇ ಬಾಯಿ ಬಿಟ್ಟಳು.

"ಮುಂಜಾನಿಂದ ಬರೇ ಸುಳ್ಳ ಹೇಳಿದಿ, ಮಂದಿ ಚಪ್ಪಾಳಿ ತಟ್ಟಿದ್ರು. ಒಂದss ಒಂದು ಖರೇ ಹೇಳಿದಿ ನೋಡಪಾ, ನಾ ಸೋತ್ನಿ."

"ತಪ್ಪಾತವಾ" ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅಷ್ಟು ಮೆಲ್ಲಗೆ ಮಾತಾಡಿದ್ದೆ. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. ಆಗ ಕಂಡಕ್ಟರನೂ ತಿರುಗಿ ನೋಡಿದ. ಮಗಳು ತಡೆಯಲಾರದೆ ನಕ್ಕುಬಿಟ್ಟಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಮನೆಯಲ್ಲಿ ಸುರೇಖಾ ಬಾಗಿಲಲ್ಲೇ ನಿಂತಿದ್ದಳು. ನಮ್ಮ ಖಾಲಿ ಕೈ ನೋಡಿದಳು, ನನ್ನ ಮುಖ ನೋಡಿದಳು. "ಬಾಯಿ ಬಿಟ್ರಿ ಹೌದಲ್ಲ?" ಎಂದಳು. ನಾನು ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಮೊಳೆ ಖಾಲಿಯಿಲ್ಲ. ಅದಕ್ಕೆ ನನ್ನ ಕೆಂಪು ವಹಿಯನ್ನು ದಾರ ಕಟ್ಟಿ ತೂಗುಹಾಕಿದ್ದರು. ತೆರೆದ ಪುಟದಲ್ಲಿ ಮಗಳ ಅಕ್ಷರ:

"ಹೆಸರು: ಅಪ್ಪ. ಊರು: ಯಡೂರು. ಕೈಹಿಡಿದ ಪಟ್ಟು: ಮೈಕು. ಕಚ್ಚಾ ಜಾಗ: ಮೈಕು. ವಸ್ತಾದ: ಅವ್ವ."

ಚಷ್ಮಾ ಸರಿಮಾಡಿಕೊಂಡು ಎರಡು ಸಲ ಓದಿದೆ. ತಿದ್ದುವಂಥದ್ದು ಏನೂ ಸಿಗಲಿಲ್ಲ.

"ಓದಿ ಮುಗಿದಿದ್ರ ಎಮ್ಮಿಗೆ ನೀರ ಕುಡಸ್ರಿ" ಎಂದು ಒಳಗಿನಿಂದ ವಸ್ತಾದರ ಅಪ್ಪಣೆಯಾಯಿತು. ಬಕೆಟ್ಟು ಹಿಡಿದು ಹೊರಟೆ.