ನಾನು ಶಾಸ್ತ್ರೋಕ್ತ ಬಾಣಂತಿಯಾದ ಪ್ರಸಂಗ

ನನ್ನ ಸಂಧಿವಾತಕ್ಕೆ ಒಂದು ಒಳ್ಳೆಯ ಗುಣವಿದೆ. ನಾನು ಬಸುರಿಯಾದ ಕೂಡಲೇ ಅದು ಹೇಳದೆ ಕೇಳದೆ ರಜೆ ಹಾಕಿತು. ಕಾಲೇಜಿನ ದಿನಗಳಿಂದ ನನ್ನ ಬೆರಳುಗಳಲ್ಲಿ ಸಂಸಾರ ಹೂಡಿದ್ದ ಕಾಯಿಲೆ ಎಲ್ಲಿಗೆ ಹೋಯಿತೋ ಏನೋ, ಕೋಥರೂಡದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತಿ ಇಳಿದು ಮೆರೆದೆ. "ಹೆರಿಗೆಯಾದ ಮೇಲೆ ಮತ್ತೆ ಬರಬಹುದು, ಹುಷಾರು" ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಡಾಕ್ಟರುಗಳು ಹೀಗೆ ಏನಾದರೂ ಹೇಳುತ್ತಲೇ ಇರುತ್ತಾರೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಗಳು ಹುಟ್ಟಿದಳು. ಅವಳ ಹಿಂದೆಯೇ ಕಾಯಿಲೆಯೂ ರಜೆ ಮುಗಿಸಿ ಹಾಜರಾಯಿತು, ಬಾಕಿ ಉಳಿದ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸುವ ಹುರುಪಿನಲ್ಲಿ. ಬೆಳಿಗ್ಗೆ ಎದ್ದರೆ ಮುಷ್ಟಿ ಮುಚ್ಚುತ್ತಿರಲಿಲ್ಲ. ಕೂಸಿನ ಅಂಗಿಯ ಲಾಡಿ ಕಟ್ಟುವುದು ಮಹಾಯಜ್ಞವಾಯಿತು. ಹಾಲೂಡಿಸುವವರಿಗೆ ನಡೆಯುವಂಥ ಗುಳಿಗೆಗಳನ್ನು ಡಾಕ್ಟರಮ್ಮ ಬರೆದುಕೊಟ್ಟು, ಇವು ನಿಧಾನವಾಗಿ ಕೆಲಸ ಮಾಡುತ್ತವೆ ಎಂದರು. (ಸರಕಾರಿ ಗುಳಿಗೆಗಳೇ ಇರಬೇಕು.)

ಈ ಗುಟ್ಟು ಗೊತ್ತಿದ್ದದ್ದು ನಮ್ಮ ಯಜಮಾನರಾದ ಚನ್ನವೀರ ಅವರೊಬ್ಬರಿಗೆ. ಏನೇ ಆಗಲಿ ತಮ್ಮ ಅವ್ವನ ಮುಂದೆ ಬಾಯಿ ಬಿಡಬಾರದೆಂದು ಮದುವೆಗೆ ಮೊದಲೇ ಅವರಿಂದ ಆಣೆ ಹಾಕಿಸಿಕೊಂಡಿದ್ದೆ.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ನನಗೆ ಅವ್ವ ಇಲ್ಲ. ಹಾಗಾಗಿ ಅತ್ತೆ ರುದ್ರವ್ವನವರು ಬಾರಾಮತಿಯ ತಮ್ಮ ಕಿರಾಣಿ ಅಂಗಡಿಯನ್ನು ಮಾವನವರಿಗೆ ಒಪ್ಪಿಸಿ ಬಂದರು. (ಮಾವನವರು ಗಿರಾಕಿ ಬಂದರೆ ಏಳಬೇಕಲ್ಲ ಎಂದು ಅವರನ್ನು ಪಕ್ಕದ ಅಂಗಡಿಗೆ ಕಳಿಸುವ ಪೈಕಿ.) ಬಂದ ದಿನವೇ ಅತ್ತೆ ಚಹಾ ಕುಡಿಯುತ್ತ ಒಂದು ಕಥೆ ಹೇಳಿದರು.

"ಕೊಂಢವಾ ಕಡೆ ನಮ್ಮ ತಂಗಿ ಸೊಸಿ ಇದ್ದಾಳಲ್ಲ, ಬಾಣಂತನದಾಗ ಅಕಿಗೆ ಕಾಮಣಿ ರೋಗ ಆತು. ಕೂಸು ಎರಡ ವರ್ಷ ಅಜ್ಜಿ ಕಡೆನ ಬೆಳೀತು. ಈಗ ಅದು ಅಜ್ಜಿಗೆ ಅವ್ವ ಅಂತದ, ಅವ್ವಗ ಮಾವಶಿ ಅಂತದ!"

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ನನ್ನ ಕೈಯ ಸ್ಥಿತಿ ಗೊತ್ತಾದರೆ ಕೂಸು ಮರುದಿನವೇ ಬಾರಾಮತಿಯ ಬಸ್ಸು ಹತ್ತುತ್ತದೆ, ನಾನು ಬರೀ ಮಾವಶಿ, ಅಂದರೆ ಚಿಕ್ಕಮ್ಮ, ಆಗುತ್ತೇನೆ. ಆ ಗಾಬರಿಯಲ್ಲೇ ತಲೆಗೆ ಒಂದು ದಿವ್ಯ ಉಪಾಯ ಹೊಳೆಯಿತು.

"ಅತ್ತೀ, ನಾ ಬಾಣಂತನ ಶಾಸ್ತ್ರದ ಪ್ರಕಾರ ಮಾಡ್ಕೋಬೇಕಂತೀನ್ರಿ. ಬಾಣಂತಿ ತಣ್ಣೀರು ಮುಟ್ಟಬಾರದಂತ. ಬಟ್ಟಿ ಹಿಂಡಬಾರದಂತ. ಗಂಟು ಕಟ್ಟಬಾರದಂತ."

"ಗಂಟು? ಇದ್ಯಾವ ಶಾಸ್ತ್ರ?"

"ನಮ್ಮ ತವರ ಕಡೇದ್ರಿ. ನಮ್ಮವ್ವ ಹೇಳ್ತಿದ್ಲು."

(ಅವ್ವ ಇಲ್ಲದ್ದರಿಂದ ನನಗಾದ ಒಂದೇ ಅನುಕೂಲವಿದು. ಯಾರೂ ಹೋಗಿ ಕೇಳುವಂತಿಲ್ಲ.)

ಅತ್ತೆ ನನ್ನ ಮುಖ ನೋಡಿ, ಸೆರಗು ಸರಿಪಡಿಸಿಕೊಂಡು, "ಆತು ಬಿಡು, ಹಂಗ ಮಾಡೂಣು" ಎಂದರು. ಗೆದ್ದೆ ಅಂದುಕೊಂಡೆ. ಆದರೆ ಅತ್ತೆ ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಊರಿನ ಹಿರಿಯರಿಗೆಲ್ಲ ಫೋನು ಮಾಡಿ ಶಾಸ್ತ್ರಸಂಶೋಧನೆಗೆ ತೊಡಗಿದರು. ಕಿಟಕಿಗೆ ದಪ್ಪ ಚಾದರ ಬಿತ್ತು, ನನ್ನ ಕಿವಿಗೆ ಹತ್ತಿ, ತಲೆಗೆ ಮಫ್ಲರ್. ಮೊಬೈಲು ನೋಡಿದರೆ ಕಣ್ಣಿಗೆ ಕೆಟ್ಟದ್ದೆಂದು ಅದೂ ಅಡುಗೆಮನೆಯ ಕಪಾಟು ಸೇರಿತು. ಬಾಣಂತಿಗೆ ಗಾಳಿ ಸೋಕಬಾರದೆಂದು ಕೋಣೆಯ ಬಾಗಿಲೂ ಮುಚ್ಚಿತು. ಹಸಿದಾಗ ಮಾತ್ರ ಅತ್ತೆ ಕೂಸನ್ನು ತಂದು ನನ್ನ ಮಗ್ಗುಲಿಗೆ ಮಲಗಿಸುತ್ತಿದ್ದರು. ಹೊಟ್ಟೆ ತುಂಬಿದ ಮೇಲೆ ಒಯ್ಯುತ್ತಿದ್ದರು.

ಬಾರಾಮತಿಗೆ ಹೋದೀತೆಂದು ನಾನು ಹೆದರಿದ್ದ ಕೂಸು ಬಾಗಿಲಿನ ಆಚೆ ಇತ್ತು. ನನಗೆ ಎರಡೂ ಒಂದೇ ಆಯಿತು. ಅದರ ಸ್ನಾನದ ಸದ್ದು ಕೇಳುತ್ತಿತ್ತು, ಅತ್ತೆಯ ಜೋಗುಳ ಕೇಳುತ್ತಿತ್ತು. ನಾನು ಕತ್ತಲಲ್ಲಿ ಬೆರಳು ಮಡಚಿ ಬಿಚ್ಚುತ್ತ ಕೂತಿರುತ್ತಿದ್ದೆ. ಯಜಮಾನರು ಆಫೀಸಿನಿಂದ ಬಂದು ಬಾಗಿಲ ಸಂದಿಯಿಂದ "ಆರಾಮ ಅದೀ?" ಎನ್ನುವರು. "ಹೂಂ" ಎನ್ನುವೆ. ಇಷ್ಟು ಜನರಿರುವ ಮನೆಯಲ್ಲಿ ಮಾತಾಡಲು ಒಂದು ಜೀವವಿರಲಿಲ್ಲ. ಅವ್ವ ಇದ್ದಿದ್ದರೆ ಎಂದು ಒಮ್ಮೆ ನೆನೆದೆ. ಅವ್ವನ ಹೆಸರಿನಲ್ಲಿ ಸುಳ್ಳು ಹೇಳಿದ್ದು ನೆನಪಾಗಿ, ಅಳಲಿಕ್ಕೂ ನಾಚಿಕೆಯಾಯಿತು.

ಒಂದು ಬೆಳಿಗ್ಗೆ ಹೊರಗಿನಿಂದ ಅತ್ತೆಯ ಕೂಗು ಕೇಳಿತು. "ಅಯ್ಯ ನಮ್ಮ ಬಂಗಾರ! ನಕ್ಕಳವ್ವ! ನನ್ನ ಮಾರಿ ನೋಡಿ ನಕ್ಕಳು!"

ಹೆತ್ತವಳು ನಾನು, ಮೊದಲ ನಗು ಅವರಿಗೆ. ತಡೆಯಲಾಗಲಿಲ್ಲ. ಮೊಣಕೈಯಿಂದ ಹಿಡಿಕೆ ಒತ್ತಿ ಬಾಗಿಲು ತೆರೆದು, ಮಫ್ಲರ್ ಸಮೇತ ಹಾಲ್‌ಗೆ ನುಗ್ಗಿದೆ.

"ಗಾಳಿ! ಗಾಳಿ! ಒಳಗ ನಡಿ!" ಅತ್ತೆ ಚೀರಿದರು.

"ಯಾವ ಶಾಸ್ತ್ರನೂ ಇಲ್ರಿ ಅತ್ತೀ! ನನಗ ಸಂಧಿವಾತ ಅದ. ಕೈ ಮಡಚಲಿಕ್ಕ ಬರಂಗಿಲ್ಲ. ಮುಚ್ಚಿಡಲಿಕ್ಕಂತ ಸುಳ್ಳ ಹೇಳಿದ್ದೆ!"

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಕೋಣ್ಯಾಗ ಕೂತು ಬ್ಯಾಸರಾತು ಅಂತ ನೆಟ್ಟಗ ಹೇಳು. ಸಂಧಿವಾತ ಮುದುಕರಿಗೆ ಬರೂದು. ನನಗ ಇಲ್ಲ, ನಿನಗೆಲ್ಲಿಂದ ಬಂತು?"

"ಗುಳಿಗಿ ನೋಡ್ರಿ ಬೇಕಾದ್ರ!"

"ಅವು ತಾಕತ್ತಿನ ಗುಳಿಗಿ ಅಂತ ನೀನ ಹೇಳೀದಿ."

"ನಿಮ್ಮ ಮಗನ್ನ ಕೇಳ್ರಿ!"

ಅತ್ತೆ ಆಫೀಸಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದರು. ಹಾಲಿನ ಪಾಕೀಟು ತರುವುದನ್ನು ದಿನವೂ ಮರೆಯುವ ನನ್ನ ಗಂಡನಿಗೆ ಜನ್ಮದಲ್ಲಿ ಒಂದೇ ಒಂದು ಆಣೆ ನೆನಪಿತ್ತು.

"ಸಂಧಿವಾತ? ಛೆ ಛೆ! ಯಾರ ಹೇಳಿದ್ರವ್ವ? ರೇಣು ಕಲ್ಲಿನಂಗ ಗಟ್ಟಿ ಅದಾಳ."

"ರೀ, ಖರೇ ಹೇಳ್ರಿ, ನಾನ ಹೇಳಲಿಕ್ಹತ್ತೀನಿ!"

"ನೀ ಅಂಜಬ್ಯಾಡ ರೇಣು, ನಾ ಅದೀನಿ" ಎಂದು ಪಿಸುಗುಟ್ಟಿ ಆ ಪುಣ್ಯಾತ್ಮ ಫೋನಿಟ್ಟರು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಷ್ಟರಲ್ಲಿ ಚಾಪೆಯ ಮೇಲಿದ್ದ ಕೂಸು ಅತ್ತಿತು. ಯೋಚಿಸದೆ ಬಗ್ಗಿದೆ. ಬೆರಳು ಉಪಯೋಗಕ್ಕಿಲ್ಲವೆಂದು ಎರಡೂ ಮುಂಗೈಗಳನ್ನು ಅದರ ಕೆಳಗೆ ಜಾರಿಸಿ, ಮೊರದಲ್ಲಿ ಕಾಳು ಎತ್ತಿದಂತೆ ಎತ್ತಿ ಎದೆಗೆ ಒತ್ತಿಕೊಂಡೆ. ಬಿಚ್ಚಿದ ಲಾಡಿ ಜೋತಾಡುತ್ತಿತ್ತು. ಹಲ್ಲಿನಿಂದ ಎಳೆದು ಕಟ್ಟಲು ನೋಡಿದೆ, ಆಗಲಿಲ್ಲ.

ತಲೆ ಎತ್ತಿದಾಗ ಅತ್ತೆ ನನ್ನ ಕೈಗಳನ್ನೇ ನೋಡುತ್ತಿದ್ದರು. ಹತ್ತಿರ ಬಂದು ನನ್ನ ಊದಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು.

"ಕೂಸಿನ್ನ ಬಾರಾಮತಿಗೆ ಒಯ್ಯಬ್ಯಾಡ್ರಿ" ಎಂದೆ.

"ನಾ ಯಾಕ ಒಯ್ಯಲಿ? ಅಂಗಡಿ ನೋಡ್ಲೋ, ಕೂಸು ನೋಡ್ಲೋ? ಹಡದಾಕಿ ನೀ, ಸಾಕಾಕಿ ನೀ. ಚನ್ನ್ಯಾ ಹುಟ್ಟಿದಾಗ ನಾ ಎರಡನೇ ವಾರಕ್ಕ ಅಂಗಡ್ಯಾಗ ಕೂತಿದ್ದೆ. ಈ ಹತ್ತಿ, ಮಫ್ಲರ್, ನನಗೇನ ಗೊತ್ತಿತ್ತು? ಸತ್ತ ನಿಮ್ಮವ್ವನ ಮಾತು ಮುರೀಬಾರದು ಅಂತ ಮಂದೀನ್ನ ಕೇಳಿ ಕೇಳಿ ಕಲ್ತೆ. ನೀ ಒಳಗ, ನಾ ಹೊರಗ. ಮಾತಾಡ್ಲಿಕ್ಕ ಯಾರಿಲ್ಲ. ಈ ಊರಾಗ ನನಗೂ ಹುಚ್ಚು ಹಿಡೀಲಿಕ್ಹತ್ತಿತ್ತು!"

ಬಾಗಿಲಿನ ಎರಡೂ ಕಡೆ ಇಬ್ಬರು ಹೆಂಗಸರು, ಇಬ್ಬರಿಗೂ ಬೇಡವಾದ ಶಾಸ್ತ್ರವನ್ನು ಇನ್ನೊಬ್ಬರ ಸಲುವಾಗಿ ಪಾಲಿಸಿದ್ದೆವು. ಅತ್ತೆ ಎದ್ದು ಕಿಟಕಿಯ ಚಾದರ ಕಿತ್ತರು. ಲಾಡಿ ಕಟ್ಟಿದರು. ನನ್ನ ಕೈಗಳ ಕೆಳಗೆ ತಮ್ಮ ಕೈ ಆನಿಸಿ ಕೂತರು.

ಸಂಜೆ ಯಜಮಾನರು ಬಂದು ಚಪ್ಪಲಿ ಬಿಡುವ ಮೊದಲೇ, "ಸುಳ್ಳವ್ವಾ, ಎಲ್ಲಾ ಸುಳ್ಳು" ಎಂದು ಶುರು ಮಾಡಿದರು. ನನ್ನ ತೋಳಿನಲ್ಲಿದ್ದ ಮಗಳು ಆ ದನಿಗೆ ಕತ್ತು ಹೊರಳಿಸಿ, ಅಪ್ಪನನ್ನು ನೋಡಿ, ಬೊಚ್ಚುಬಾಯಿ ತೆರೆದು ನಕ್ಕಳು.

ಆಮೇಲೆ ಗ್ಯಾಸ್ ಸಿಲಿಂಡರಿನವನನ್ನು ನೋಡಿ ನಕ್ಕಳು. ಗೋಡೆಯ ಫ್ಯಾನನ್ನು ನೋಡಿಯೂ ನಕ್ಕಳು. ನನ್ನನ್ನು ನೋಡಿ ಮಾತ್ರ ಇವತ್ತಿಗೂ ಇಲ್ಲ, ಗಂಭೀರವಾಗಿ ಎದೆಯ ಕಡೆ ಮುಖ ತಿರುಗಿಸುತ್ತಾಳೆ. ಅತ್ತೆಗೆ ಹೇಳಿಕೊಂಡೆ.

"ನಿನ್ನ ನೋಡಿ ಯಾಕ ನಗತಾಳ?" ಎಂದರು ಅತ್ತೆ. "ನಾವೆಲ್ಲಾ ಅಕಿಗೆ ತಮಾಷಿ. ನಿನ್ನ ಹತ್ರ ಅಕಿಗೆ ಕೆಲಸ ಇರತದ."