ಹೊಗೆಗೆ ಕಟ್ಟಿದ ದಾರ

ಜನ ಹೊಗೆಯನ್ನು ಸರಿಯಾಗಿ ನೋಡುವುದಿಲ್ಲ. ಕಣ್ಣು ಉರಿದರೆ ಮುಖ ತಿರುಗಿಸುತ್ತಾರೆ, ಉರಿಯದಿದ್ದರೆ ಅದು ಇದೆ ಎಂಬುದನ್ನೇ ಮರೆಯುತ್ತಾರೆ. ನಾನೂ ಹಾಗೇ ಇದ್ದೆ. ಇಷ್ಟು ವರ್ಷ ಒಲೆ ಊದಿದವಳು, ಹೊಗೆಗೂ ಒಂದು ಬಣ್ಣ ಇದೆ ಎಂದು ಒಂದು ದಿನವಾದರೂ ಯೋಚಿಸಿರಲಿಲ್ಲ. ಈಗ ಅರವತ್ತೆಂಟು ದಾಟಿದ ಮೇಲೆ ಹೊಗೆ ನೋಡುವುದೇ ನನ್ನ ಕೆಲಸ ಎಂದರೆ ನಗಬೇಡಿ. ನಗಲೇಬೇಕಾದರೆ ಸ್ವಲ್ಪ ತಡೆಯಿರಿ, ಮುಂದೆ ಇನ್ನೂ ಒಳ್ಳೆಯ ಜಾಗ ಇದೆ.

ದೊಡ್ಡಬಳ್ಳಾಪುರದ ಹೊರಗೆ, ಮಧುರೆ ಎಂಬ ಹಳ್ಳಿಯ ಕಡೆ ಹೋಗುವ ರಸ್ತೆಯಲ್ಲಿ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ನಾನಿದ್ದೇನೆ. ದೊಡ್ಡದೇನಲ್ಲ. ನಾಲ್ಕಾರು ಬಣ್ಣದ ತೊಟ್ಟಿ, ತೊಟ್ಟಿಗಳಿಗೆ ಆವಿ ಕೊಡುವ ಒಂದು ಸೌದೆ ಬಾಯ್ಲರ್, ಅದರ ಪಕ್ಕದಲ್ಲಿ ಎರಡು ತೆಂಗಿನಮರದಷ್ಟು ಎತ್ತರದ ಚಿಮಣಿ. ನನ್ನ ಕೆಲಸ ಅಂಗಳದ ಕಲ್ಲಿನ ಮೇಲೆ ಕೂತು ನೂಲಿನ ಲಡಿಗಳ ಸಿಕ್ಕು ಬಿಡಿಸುವುದು, ಬಣ್ಣ ಮಾದರಿಗೆ ಕೂಡಿತೋ ಇಲ್ಲವೋ ನೋಡಿ ಹೇಳುವುದು. ಅಂಗಳ ಗುಡಿಸುವುದೂ ನನ್ನದೇ, ಆದರೆ ಅದನ್ನು ಕೆಲಸ ಎಂದು ನಾನು ಲೆಕ್ಕಕ್ಕೆ ಹಿಡಿದವಳಲ್ಲ. ಬಣ್ಣ ನೋಡುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿ ಇಲ್ಲ ಎಂದು ನಾನು ಹೇಳುವುದಿಲ್ಲ. ಬೇರೆಯವರು ಹೇಳಿದರೆ ಸುಮ್ಮನಿರುತ್ತೇನೆ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎಂದು ಕಂಡ ಎರಡು ಕೆಂಪನ್ನು ಬಿಸಿಲಿಗೆ ಹಿಡಿದು, ಇದು ದಾಳಿಂಬೆ, ಇದು ದಾಳಿಂಬೆ ಸಿಪ್ಪೆ ಎಂದು ಬೇರೆ ಮಾಡಿದವಳು ನಾನು. ನನ್ನ ಗಂಡ ಬದುಕಿದ್ದಾಗ ಹೇಳುತ್ತಿದ್ದ, ನಿನ್ನ ಕಣ್ಣು ನೂಲು ಬಿಟ್ಟು ಬೇರೆ ಯಾವುದಕ್ಕೂ ಬಾರದು ಎಂದು. ಅವನು ಹೊಸ ಅಂಗಿ ಹಾಕಿಕೊಂಡು ಎರಡು ದಿನವಾದರೂ ನಾನು ಗಮನಿಸಿರಲಿಲ್ಲ, ಅದಕ್ಕೆ ಆ ಮಾತು.

ಅಕ್ಷರ ನನಗೆ ಹತ್ತಿದ್ದು ಬಹಳ ತಡವಾಗಿ, ಸಾಕ್ಷರತೆಯ ಮೇಡಂ ನಮ್ಮ ಬೀದಿಗೆ ಬಂದು ಹೆಂಗಸರನ್ನು ಕೂರಿಸಿಕೊಂಡಾಗ. ಒತ್ತಕ್ಷರದವರೆಗೆ ಬಂದೆ. ಅಷ್ಟರಲ್ಲಿ ರಾಗಿ ಕೊಯ್ಲು ಬಂತು, ನಾನು ಕುಡುಗೋಲು ಹಿಡಿದು ಹೋದೆ, ಒತ್ತಕ್ಷರಗಳು ಅಲ್ಲೇ ಉಳಿದವು. ಈ ಬರಹದಲ್ಲಿ ಒತ್ತು ತಪ್ಪಿದ್ದಲ್ಲೆಲ್ಲ ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಲು ಮಾತ್ರ ನಾನು ಬಿಟ್ಟಿಲ್ಲ.

ಹೊಗೆಯ ಕೆಲಸ ನನ್ನ ತಲೆಗೆ ಬಂದದ್ದು ಶಿವಣ್ಣನಿಂದ. ಶಿವಣ್ಣ ನಮ್ಮ ಸೂಪರ್‌ವೈಸರ್. ಒಳ್ಳೆಯವನು, ಸೋಮಾರಿ. ಮಾಲಿನ್ಯ ನೋಡುವ ಆಫೀಸಿನವರು ಕೊಟ್ಟ ನಿಯಮದಂತೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಚಿಮಣಿಯ ಹೊಗೆ ಯಾವ ಬಣ್ಣಕ್ಕಿದೆ ಎಂದು ಒಂದು ರಿಜಿಸ್ಟರಿನಲ್ಲಿ ಬರೆಯಬೇಕು. ಅವನಿಗೆ ದಿನಕ್ಕೆ ಮೂರು ಸಲ ಕತ್ತು ಎತ್ತುವುದು ಕಷ್ಟ. ನೀವು ಹೆಂಗೂ ಹೊರಗೇ ಕೂತಿರ್ತೀರಲ್ಲಕ್ಕ ಎಂದು ರಿಜಿಸ್ಟರನ್ನು ನನ್ನ ಮಡಿಲಿಗೆ ಹಾಕಿ ಹೋದ. ಮೊದಲ ದಿನ ಬೂದು ಎಂದು ಬರೆದೆ. ಎರಡನೆಯ ದಿನವೂ ಬೂದು. ಮೂರನೆಯ ದಿನ ಬರೆಯಲು ಕೈ ಏಳಲಿಲ್ಲ. ಏಕೆಂದರೆ ಮೂರು ದಿನದ ಬೂದು ಮೂರು ಬಗೆ ಇತ್ತು. ಒಂದು ಪಾರಿವಾಳದ ಕತ್ತು, ಒಂದು ಹಳೇ ಹಂಚು, ಇನ್ನೊಂದು ಹಾಲಿಗೆ ಒಂದು ಚಿಟಿಕೆ ಮಸಿ ಬಿದ್ದ ಹಾಗೆ. ಇಷ್ಟನ್ನೆಲ್ಲ ಬರೆಯುವಷ್ಟು ಅಕ್ಷರ ನನ್ನಲ್ಲಿ ಇರಲಿಲ್ಲ. ಬಣ್ಣದ ಮನೆಯಲ್ಲಿ ಇಂಥ ತಾಪತ್ರಯಕ್ಕೆ ಮೊದಲಿಂದ ಒಂದು ದಾರಿ ಇದೆ. ಯಾವ ನೂಲಿಗೆ ಯಾವ ಬಣ್ಣ ಕೂಡಿಸಿದೆವೋ ಆ ನೂಲಿನ ಒಂದು ಎಳೆಯನ್ನು ಪುಸ್ತಕದಲ್ಲಿ ಅದರ ನಂಬರಿನ ಪಕ್ಕ ಕಟ್ಟಿಬಿಡುತ್ತೇವೆ. ಮಾತು ಮರೆತರೂ ದಾರ ಮರೆಯುವುದಿಲ್ಲ. ಹಾಗಾಗಿ ನಾನು ಹೊಗೆಗೂ ದಾರ ಕಟ್ಟಿದೆ. ಬುಟ್ಟಿಯಲ್ಲಿ ಬೂದು, ಬಿಳಿ, ಕಪ್ಪಿನ ಚೂರು ನೂಲು ಬೇಕಾದಷ್ಟು ಬಿದ್ದಿರುತ್ತಿತ್ತು. ಒಂದೊಂದೇ ಎಳೆಯನ್ನು ಆಕಾಶಕ್ಕೆ ಹಿಡಿದು, ಚಿಮಣಿಯ ಬಾಯಿಗೆ ಕೂಡಿಸಿ ನೋಡಿ, ಕೂಡಿದ್ದನ್ನು ಆ ದಿನದ ಸಾಲಿನಲ್ಲಿ ಸೂಜಿಯಿಂದ ಪೋಣಿಸಿ ಗಂಟು ಹಾಕುತ್ತಿದ್ದೆ. ಪುಟ ತುಂಬಿದಾಗ ಶಿವಣ್ಣ ಫೋನಿನಲ್ಲಿ ಮಾತಾಡುತ್ತಾ ಕೆಳಗೆ ಸೈನ್ ಹಾಕುತ್ತಿದ್ದ. ಎಂಟು ತಿಂಗಳು ಹೀಗೆ ನಡೆಯಿತು.

ಆ ಎಂಟು ತಿಂಗಳು ನನಗೆ ಹೇಗೆ ಕಳೆಯಿತೋ ಗೊತ್ತಿಲ್ಲ. ಒಮ್ಮೆ ಹೊಗೆ ನೋಡಲು ಕಲಿತ ಮೇಲೆ ಕಣ್ಣು ಅದನ್ನು ಬಿಟ್ಟು ಬರುವುದಿಲ್ಲ. ಬೆಳಿಗ್ಗೆ ಚಳಿಗೆ ಅದು ಮೇಲೆ ಹೋಗಲು ಮನಸ್ಸಿಲ್ಲದೆ ಚಿಮಣಿಯ ಕತ್ತಿಗೇ ಸುತ್ತಿಕೊಂಡಿರುತ್ತದೆ. ಬಿಸಿಲು ಏರಿದಂತೆ ಯಾರೋ ಲಡಿ ಬಿಡಿಸಿದ ಹಾಗೆ ನಿಧಾನವಾಗಿ ಉದ್ದಕ್ಕೆ ಬಿಚ್ಚಿಕೊಂಡು, ದ್ರಾಕ್ಷಿ ತೋಟದ ಚಪ್ಪರದ ಮೇಲೆ ಹಾದು, ಮಧುರೆಯ ಕಡೆಗೆ ಹೋಗಿ, ಅಲ್ಲಿ ಎಲ್ಲೋ ಮೋಡವೂ ಅದೂ ಒಂದೇ ಆಗಿಬಿಡುತ್ತದೆ. ಎಲ್ಲಿ ಹೊಗೆ ಮುಗಿಯಿತು, ಎಲ್ಲಿ ಮೋಡ ಶುರುವಾಯಿತು ಎಂದು ಹುಡುಕುತ್ತಾ ಕೂತರೆ ಕೈಯಲ್ಲಿನ ಸಿಕ್ಕು ತಾನಾಗಿ ಬಿಡಿಸಿಕೊಂಡಿರುತ್ತಿತ್ತು. ಮೇಲೆ ಯಾರೋ ನಮ್ಮಂಥದೇ ಒಂದು ಬಣ್ಣದ ಮನೆ ಇಟ್ಟುಕೊಂಡಿರಬೇಕು, ನಮ್ಮ ಹೊಗೆ ತೊಳೆದು ಹಿಂಡಿ ಒಣಹಾಕುವವಳು ಒಬ್ಬಳು ಅಲ್ಲೂ ಇರಬೇಕು, ಅವಳಿಗೆ ನಮ್ಮ ಮೇಲೆ ಎಷ್ಟು ಸಿಟ್ಟಿರಬಹುದು ಎಂದೆಲ್ಲ ಅನಿಸುತ್ತಿತ್ತು. ಹೀಗೆ ಅನಿಸುವುದು ವಯಸ್ಸಿಗೆ. ಗಾಳಿ ಈ ಕಡೆ ತಿರುಗಿದ ದಿನ ಕೆಮ್ಮು ಬಂದು, ಅನಿಸುವುದೆಲ್ಲ ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ದಿನ ಮಾಲಿನ್ಯದ ಆಫೀಸಿನಿಂದ ಕಾಗದ ಬಂತು. ಗುರುವಾರ ತಪಾಸಣೆಗೆ ಬರುತ್ತಾರೆ, ಅದಕ್ಕೂ ಮೊದಲು ಹೊಗೆಯ ವಿವರ, ಅಪಾಯದ ಕಸದ ವಿವರ ಎಲ್ಲ ಕಂಪ್ಯೂಟರಿನಲ್ಲಿ ತುಂಬಿ ಕಳಿಸಬೇಕು. ಕಾರ್ಖಾನೆಯ ಪರವಾನಗಿ ಮುಗಿಯುತ್ತ ಬಂದಿತ್ತು. ಬಂದವರು ಒಪ್ಪದಿದ್ದರೆ ಕರೆಂಟು ಕಿತ್ತು ಗೇಟಿಗೆ ಬೀಗ ಹಾಕುತ್ತಾರೆ ಎಂದು ಶಿವಣ್ಣ ಎಲ್ಲರನ್ನೂ ಕರೆದು ಹೇಳಿದ. ಬೀಗ ಬಿದ್ದರೆ ಉಳಿದವರು ಇನ್ನೊಂದು ಬಣ್ಣದ ಮನೆಗೆ ಹೋದಾರು. ಕಣ್ಣೊಂದು ಬಿಟ್ಟು ಮಿಕ್ಕಿದ್ದೆಲ್ಲ ಸವೆದ ಮುದುಕಿಯನ್ನು ಯಾರು ಕರೆದು ಕೂರಿಸುತ್ತಾರೆ? ಮನೆಯಲ್ಲಿ ಸೊಸೆಯ ಎದುರಿಗೆ ಇಡೀ ದಿನ ಕೂರಬೇಕು. ಸೊಸೆ ಒಳ್ಳೆಯವಳೇ. ಇಡೀ ದಿನ ಎದುರಿಗೆ ಕೂತರೆ ಇಬ್ಬರೂ ಒಳ್ಳೆಯವರಾಗಿ ಉಳಿಯುವುದಿಲ್ಲ.

ಶಿವಣ್ಣ ಆವತ್ತು ಮೊದಲ ಸಲ ರಿಜಿಸ್ಟರ್ ತೆರೆದ. ಎಂಟು ತಿಂಗಳ ದಾರ ಒಟ್ಟಿಗೆ ಎದ್ದು ನಿಂತಿತು. ಅವನು ಒಂದು ಎಳೆ ಹಿಡಿದು ಎಳೆದು ನೋಡಿದ.

"ಇದೇನಕ್ಕ, ಹೊಗೆ ಬರೀರಿ ಅಂದ್ರೆ ಕುಚ್ಚು ಕಟ್ಟಿಟ್ಟಿದ್ದೀರ?"

"ಬರೆಯಕ್ಕೆ ಬರಲಿಲ್ಲ, ಕಟ್ಟಿದೆ. ಪ್ರತಿ ಪುಟಕ್ಕೂ ನೀನೇ ಸೈನ್ ಹಾಕಿದ್ದೀಯಲ್ಲ, ನೋಡು."

ಅವನು ನೋಡಿದ. ಸೈನ್ ಅವನದೇ. ಆಮೇಲೆ ಹೊಸ ರಿಜಿಸ್ಟರ್ ತಂದು, ಎರಡು ದಿನ ಕೂತು, ಮೂರು ಬಗೆಯ ಪೆನ್ನಿನಲ್ಲಿ ಎಂಟು ತಿಂಗಳನ್ನು ಬರೆದ. ಬೆಳಿಗ್ಗೆ ತಿಳಿ ಬೂದು, ಮಧ್ಯಾಹ್ನ ತಿಳಿ ಬೂದು, ಸಂಜೆ ತಿಳಿ ಬೂದು. ಹಳೆಯದಾಗಿ ಕಾಣಲಿ ಎಂದು ಅಂಚಿಗೆ ಟೀ ಬಳಿದು ಬಿಸಿಲಿಗಿಟ್ಟ. ಅಷ್ಟು ಮನಸ್ಸಿಟ್ಟು ಅವನು ಕೆಲಸ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ದಿನಾ ಕತ್ತು ಎತ್ತಿದ್ದರೆ ಇದರ ಅರ್ಧ ಶ್ರಮ ಸಾಕಾಗುತ್ತಿತ್ತು. ಕೊನೆಗೆ, ನೋಡಿದವರು ಎಂದು ಇರುವ ಕಡೆ ನನ್ನ ಸೈನ್ ಬೇಕು ಎಂದ. ನಾನು ಆಗಲ್ಲ ಎಂದೆ. ಅವನು ಬೀಗದ ಮಾತು ಎತ್ತಿದ, ತನ್ನ ಮನೆಯಲ್ಲಿರುವ ಮಕ್ಕಳ ಮಾತು ಎತ್ತಿದ. ಇದನ್ನು ಓದುವವರು ನನ್ನನ್ನು ಸತ್ಯವಂತೆ ಎಂದುಕೊಳ್ಳುವುದು ಬೇಡ. ನಾನೂ ಬೇಕಾದಾಗ ಸುಳ್ಳು ಹೇಳುತ್ತೇನೆ, ಚೆನ್ನಾಗೇ ಹೇಳುತ್ತೇನೆ. ಆದರೆ ಪಾರಿವಾಳದ ಕತ್ತನ್ನು ತಿಳಿ ಬೂದು ಎಂದು ಒಪ್ಪಿ ಸೈನ್ ಹಾಕಿದರೆ, ನಾಳೆ ನಾನು ದಾಳಿಂಬೆಯನ್ನು ದಾಳಿಂಬೆ ಎಂದರೆ ಯಾರು ನಂಬುತ್ತಾರೆ? ಬಣ್ಣ ತಪ್ಪಾಗಿದೆ ಶಿವಣ್ಣ, ಅಷ್ಟೇ, ಎಂದೆ. ಅವನು ನನ್ನ ಜೊತೆ ಮಾತು ಬಿಟ್ಟ. ನನಗೆ ಹೊಗೆ ನೋಡಲು ಇನ್ನೂ ಅನುಕೂಲವಾಯಿತು.

ಗುರುವಾರ ಬಂದದ್ದು ಒಬ್ಬ ಚಿಕ್ಕ ವಯಸ್ಸಿನ ಮೇಡಂ. ಲ್ಯಾಬಿನವರು ವರ್ಷದಲ್ಲಿ ಒಂದೆರಡು ಸಲ ಬಂದು, ಏಣಿ ಹತ್ತಿ, ಚಿಮಣಿಯ ತೂತಿಗೆ ಕೊಳವೆ ತೂರಿಸಿ ಅಳೆದುಕೊಟ್ಟ ಕಾಗದವನ್ನು ಮೊದಲು ನೋಡಿದರು. ಅದರಲ್ಲಿ ಎಲ್ಲ ಸರಿ ಇತ್ತು. ಇರದೆ ಏನು, ಅವರು ಬರುವ ದಿನ ಮೊದಲೇ ಗೊತ್ತಿರುತ್ತದೆ, ಆ ದಿನಕ್ಕೆಂದೇ ಒಣಗಿದ ಸೌದೆ ಬೇರೆ ಎತ್ತಿಟ್ಟಿರುತ್ತೇವೆ. ಆಮೇಲೆ ಶಿವಣ್ಣನ ರಿಜಿಸ್ಟರ್ ತಿರುವಿದರು. ತಿರುವುತ್ತಾ ಒಂದು ಕಡೆ ಬೆರಳು ನಿಂತಿತು. ಆಯುಧಪೂಜೆ ದಿನ ಬಾಯ್ಲರ್ ಉರಿಸಿದ್ರಾ ಎಂದು ಕೇಳಿದರು. ಆ ದಿನ ಬಾಯ್ಲರಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಎಲ್ಲರೂ ಪುರಿ ಕಟ್ಟಿಕೊಂಡು ಮನೆಗೆ ಹೋಗಿದ್ದೆವು. ಶಿವಣ್ಣ ಮಾತ್ರ ಬರೆಯುವ ಭರದಲ್ಲಿ ಆ ದಿನಕ್ಕೂ ಮೂರು ಹೊತ್ತು ತಿಳಿ ಬೂದು ಬಿಟ್ಟಿದ್ದ. ಅವನ ಮುಖವೂ ಹೆಚ್ಚುಕಡಿಮೆ ಅದೇ ಬಣ್ಣಕ್ಕೆ ತಿರುಗಿತು. ಮೇಡಂ ರಿಜಿಸ್ಟರ್ ಮುಚ್ಚಿದರು. ಮುಚ್ಚಿದ ರೀತಿ ನೋಡಿದರೆ ಮುಂದೆ ಮುಚ್ಚುವುದು ಗೇಟೇ ಎಂದು ನನಗೆ ಅನಿಸಿತು. ನಾನು ಎದ್ದು ಹೋಗಿ, ಆವತ್ತು ಹೊಗೆ ಇರಲಿಲ್ಲ ಮೇಡಂ, ನನ್ನ ಪುಸ್ತಕದಲ್ಲಿ ಆವತ್ತು ದಾರ ಇಲ್ಲ ಎಂದು ನನ್ನದನ್ನು ಅವರ ಕೈಗೆ ಕೊಟ್ಟೆ.

ಮೇಡಂ ಅದನ್ನು ಕಿಟಕಿಯ ಬೆಳಕಿನಲ್ಲಿ ನೋಡಿ, ಸಾಲದೆ ಅಂಗಳದ ಬಿಸಿಲಿಗೆ ತಂದು ನೋಡಿದರು. ಆಗಲೇ ನನಗೆ ಆ ಹುಡುಗಿಯ ಮೇಲೆ ಗೌರವ ಬಂತು. ನಾವು ಓದುವಾಗಲೂ ಇಂಥದೇ ಒಂದು ಕಾರ್ಡು ತೋರಿಸಿದ್ರು ಅಜ್ಜಿ, ಬಿಳಿಯಿಂದ ಕಪ್ಪಿನ ತನಕ ಗೆರೆ ಹಾಕಿರ್ತಾರೆ, ಅದನ್ನ ಹೊಗೆಗೆ ಹಿಡಿದು ನೋಡ್ಬೇಕು ಎಂದರು. ನನ್ನ ತಲೆ ಅರ್ಧ ಅಡಿ ಮೇಲೆ ಹೋಯಿತು. ಓದಿದವರು ಕಾರ್ಡು ಮಾಡಿ ಹಿಡಿಯುವುದನ್ನು ನಾನು ಓದದೆ ಹಿಡಿದೆನಲ್ಲ ಎಂದು ಸುತ್ತ ನಿಂತವರನ್ನೆಲ್ಲ ನೋಡಿದೆ. ಅವರು ಪುಟ ತಿರುವುತ್ತಲೇ ಇದ್ದರು. ತಿರುವುತ್ತಾ ಕೇಳಿದರು.

"ಅಜ್ಜಿ, ಪ್ರತಿ ಸೋಮವಾರ ಯಾಕೆ ಕರೀ ದಾರ ಇದೆ?"

ನಾನು ಅದನ್ನು ಯೋಚಿಸಿರಲಿಲ್ಲ. ದಿನ ದಿನದ ಬಣ್ಣ ನೋಡಿದ್ದೆ, ವಾರ ನೋಡಿರಲಿಲ್ಲ. ಬಗ್ಗಿ ನೋಡಿದೆ. ಏಳು ಸಾಲಿಗೊಮ್ಮೆ ಕಾಗೆ ಕೂತ ಹಾಗೆ ಕಪ್ಪು ಎಳೆ. ಸೋಮವಾರ ಏನು ಉರಿಸುತ್ತೀಯ ಎಂದು ಮೇಡಂ ಬಾಯ್ಲರ್ ನೋಡುವ ಗಂಗಣ್ಣನನ್ನು ಕೇಳಿದರು. ಗಂಗಣ್ಣ ವರ್ಷಕ್ಕೆ ಹತ್ತು ಮಾತಾಡುವವನು. ಅವುಗಳಲ್ಲಿ ಒಂದನ್ನು ಆವತ್ತು ಖರ್ಚು ಮಾಡಿದ.

"ಮುನಿಯಮ್ಮಕ್ಕ ಅಂಗಳ ಗುಡಿಸಿ ಬಾಯ್ಲರ್ ಮುಂದೆ ಗುಡ್ಡೆ ಹಾಕ್ತಾರೆ ಮೇಡಂ. ಸೌದೆ ಜೊತೆ ನಾನು ಅದನ್ನೂ ಒಳಕ್ಕೆ ತಳ್ತೀನಿ."

ಮುನಿಯಮ್ಮಕ್ಕ ಎಂದರೆ ನಾನು. ವಾರವೆಲ್ಲ ಬಿದ್ದ, ನೂಲು ಸುತ್ತಿ ಬರುವ ಪ್ಲಾಸ್ಟಿಕ್ ಕೋನು, ಬಣ್ಣದ ಪುಡಿಯ ಖಾಲಿ ಚೀಲ, ಎಣ್ಣೆ ಒರೆಸಿದ ಬಟ್ಟೆ, ಎಲ್ಲ ನನ್ನ ಪೊರಕೆಯಿಂದಲೇ ಅಲ್ಲಿಗೆ ಹೋಗುತ್ತಿತ್ತು. ಎಂಟು ತಿಂಗಳು ಸೋಮವಾರ ಬೆಳಿಗ್ಗೆ ಕಸ ಗುಡ್ಡೆ ಹಾಕಿ, ಕೈ ತೊಳೆದು, ಕಲ್ಲಿನ ಮೇಲೆ ಕೂತು, ಅಯ್ಯೋ ಇವತ್ತು ಯಾವ ಪಾಪಿ ಇಷ್ಟು ಕಪ್ಪು ಬಿಟ್ಟನೋ ಎಂದು ಬಯ್ಯುತ್ತಾ, ಕರೀ ದಾರ ಹುಡುಕಿ ಕಟ್ಟುತ್ತಿದ್ದೆ. ಇಂಥ ಕಸಕ್ಕೆ ಬೇರೆ ರೂಮು ಇರಬೇಕಲ್ಲ ಎಂದು ಮೇಡಂ ಕೇಳಿದರು. ಇದೆ. ಶಿವಣ್ಣ ತೋರಿಸಲು ಹಿಂದೆಗೆದ, ಅವರೇ ಹುಡುಕಿಕೊಂಡು ಹೋದರು. ಹಿತ್ತಲಲ್ಲಿ ಸಿಮೆಂಟು ನೆಲ, ಶೀಟಿನ ಮಾಡು, ಒಳ್ಳೆಯ ಗಾಳಿ ಇರುವ ರೂಮು. ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ಅಪಾಯಕಾರಿ ತ್ಯಾಜ್ಯ ಎಂಬ ಬೋರ್ಡು. ಒಳಗೆ ಒಂದು ಚಾಪೆ, ಹಳೇ ಸೀರೆ ಮಡಿಸಿ ಮಾಡಿದ ತಲೆದಿಂಬು, ಊಟದ ಡಬ್ಬಿ, ಎಲೆಯಡಿಕೆ ಚೀಲ, ಗೋಡೆಗೆ ದೇವರ ಕ್ಯಾಲೆಂಡರ್.

ಇದು ಯಾರದು ಎಂದರು. ನನ್ನದು ಎಂದೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಳಿಗೆ ನಾನು ಅಲ್ಲಿ ಮಲಗುತ್ತಿದ್ದೆ. ಇಡೀ ಕಾರ್ಖಾನೆಯಲ್ಲಿ ಅಷ್ಟು ಚೊಕ್ಕಟವಾದ ಜಾಗ ಇನ್ನೊಂದಿಲ್ಲ. ಅಲ್ಲಿ ಕಸ ಹಾಕಲು ನನಗೆ ಮನಸ್ಸೇ ಬಂದಿರಲಿಲ್ಲ. ತ್ಯಾಜ್ಯ ಎಂಬುದರಲ್ಲಿ ಎರಡು ಒತ್ತು ಇದ್ದದ್ದರಿಂದ ಆ ಬೋರ್ಡನ್ನು ಪೂರ್ತಿ ಓದಲು ಹೋಗಿರಲಿಲ್ಲ ಎಂದು ಹೇಳಿದೆ. ಅದು ಸುಳ್ಳು. ಓದಿದ್ದೆ. ಮೇಡಂ ಬೋರ್ಡು ನೋಡಿದರು, ನನ್ನನ್ನು ನೋಡಿದರು, ನಗು ತಡೆಯಲು ಫೈಲಿನೊಳಗೆ ಮುಖ ಇಟ್ಟುಕೊಂಡರು.

ಬೀಗ ಬೀಳಲಿಲ್ಲ. ತಿಂಗಳೊಳಗೆ ಸರಿ ಮಾಡಿಕೊಳ್ಳಬೇಕು ಎಂದು ನೋಟಿಸು ಕೊಟ್ಟು, ಕಸವನ್ನು ಇನ್ನು ಮೇಲೆ ಬಾಯ್ಲರಿಗೆ ಹಾಕಿದರೆ ಮಾತಾಡುವುದಿಲ್ಲ, ನೇರ ಮುಚ್ಚಿಸುತ್ತೇನೆ ಎಂದರು. ಟೀ ಬಳಿದ ರಿಜಿಸ್ಟರನ್ನು ತಾವೇ ತೆಗೆದುಕೊಂಡು ಹೋದರು, ಅದಕ್ಕೆ ಜವಾಬು ಹೇಳಲು ಶಿವಣ್ಣ ಎರಡು ಸಲ ಆಫೀಸಿಗೆ ಹೋಗಿ ಬಂದ. ನನ್ನ ಪುಸ್ತಕವನ್ನು ಹಾಗೇ ಮುಂದುವರಿಸಿ, ಪಕ್ಕದಲ್ಲಿ ಏನು ಉರಿಸಿದಿರಿ ಎಂಬುದನ್ನೂ ಬರೆಯಿರಿ ಎಂದು ಹೇಳಿದ್ದಾರೆ. ಈಗ ಸೋಮವಾರ ಕೋನು, ಚೀಲವೆಲ್ಲ ಆ ರೂಮಿಗೆ ಹೋಗುತ್ತವೆ, ಅಲ್ಲಿಂದ ತಿಂಗಳಿಗೊಮ್ಮೆ ಲಾರಿ ಬಂದು ಒಯ್ಯುತ್ತದೆ. ಸೋಮವಾರದ ಹೊಗೆ ಉಳಿದ ದಿನದ ಹೊಗೆಯಂತೆಯೇ ಆಗಿದೆ. ನನ್ನ ಚಾಪೆ ಹೊರಗೆ ಬಂದಿದೆ. ಅದನ್ನು ಹಾಸಲು ಕಾರ್ಖಾನೆಯಲ್ಲಿ ಇನ್ನೊಂದು ಜಾಗ ಸಿಕ್ಕಿಲ್ಲ, ಹಾಗಾಗಿ ಊಟವಾದ ಮೇಲೆ ಕಲ್ಲಿನ ಮೇಲೇ ಕೂತು, ಪಕ್ಕದ ಕಂಬಕ್ಕೆ ಒರಗಿ, ಕಣ್ಣು ತೆರೆದೇ ಇರುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮೊನ್ನೆ ಹಾಗೆ ಹೇಳಿಕೊಳ್ಳುತ್ತಿರುವಾಗ ಹೊಗೆ ಉದ್ದಕ್ಕೆ ಬಿಚ್ಚಿಕೊಂಡು ದ್ರಾಕ್ಷಿ ತೋಟ ದಾಟುತ್ತಿತ್ತು. ಮತ್ತೆ ನೋಡುವಷ್ಟರಲ್ಲಿ ಸಂಜೆಯ ಟೀ ಬಂದಿತ್ತು. ಆ ದಿನದ ಸಾಲಿನಲ್ಲಿ ಮಧ್ಯಾಹ್ನದ ಜಾಗ ಖಾಲಿ. ಬುಟ್ಟಿಗೆ ಕೈ ಹಾಕಿದೆ, ಕೈಗೆ ಸಿಕ್ಕಿದ್ದರಲ್ಲಿ ಚೆನ್ನಾಗಿರುವ ಒಂದು ಎಳೆ ಆರಿಸಿ ಗಂಟು ಹಾಕಿದೆ. ಶಿವಣ್ಣ ಈಗ ದಿನಾ ನೋಡುತ್ತಾನೆ, ನೋಡದೆ ಸೈನ್ ಹಾಕುವುದಿಲ್ಲ. ಮಧ್ಯಾಹ್ನದ್ದು ಇದೇ ಬಣ್ಣನಾ ಅಕ್ಕ ಎಂದು ಕೇಳಿದ. ನಿನಗೆ ಬಣ್ಣ ಏನು ಗೊತ್ತಾಗುತ್ತೆ, ಸೈನ್ ಹಾಕು ಎಂದೆ.