ತೇಗಿಗೊಂದು ಕೆಮ್ಮಣ್ಣಿನ ಬೊಟ್ಟು

ನಮ್ಮ ಮಾವನವರಿಗೆ ಕುರಿಗೂ ಮನುಷ್ಯರಿಗೂ ಇರುವ ವ್ಯತ್ಯಾಸ ಗೊತ್ತಿಲ್ಲ. ಸೊಸೆ ಚಾಡಿ ಹೇಳುತ್ತಿದ್ದಾಳೆ ಎಂದುಕೊಳ್ಳಬೇಡಿ, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ! ನನ್ನ ಗಂಡ ಏನಾದರೂ ಎಡವಟ್ಟು ಮಾಡಿದರೆ ಅವರು ಹೇಳುವುದು, "ಕುರಿಯಷ್ಟಾದ್ರೂ ಬುದ್ಧಿ ಬ್ಯಾಡ್ವಾ ಇವ್ನಿಗೆ?" ಎಂದು. ಅಂದರೆ ವ್ಯತ್ಯಾಸ ಸ್ವಲ್ಪ ಗೊತ್ತಿದೆ. ಕುರಿ ಒಂದು ಮೆಟ್ಟಿಲು ಮೇಲೆ, ಅಷ್ಟೆ.

ನಾನು ಕೊಳ್ಳೇಗಾಲದ ಕಡೆಯವಳು. ಮದುವೆಯಾಗಿ ಬಂದದ್ದು ಗಡಿಯಾಚೆ, ತಮಿಳು ಸೀಮೆಯ ಪಾಪಿರೆಡ್ಡಿಪಟ್ಟಿ ಹತ್ತಿರದ ಈ ಹಳ್ಳಿಗೆ. ಈ ಮನೆಯಲ್ಲಿ ಕನ್ನಡದಲ್ಲಿ ಮಾತಾಡುತ್ತಾರೆ, ಕೋಪ ಬಂದರೆ ತಮಿಳಿಗೆ ಹಾರುತ್ತಾರೆ. ಅತ್ತೆ ನಾನು ಬರುವ ಮೊದಲೇ ತೀರಿಹೋಗಿದ್ದರು. ಮನೆಯಲ್ಲಿ ಇದ್ದವರೆಂದರೆ ಮಾವ, ಅವರ ಮಗ, ಮತ್ತೆ ನಲವತ್ತು ಕುರಿ. ನನಗೆ ಮಗಳು ಹುಟ್ಟಿದಾಗ ತವರಿನಲ್ಲಿ ಅಮ್ಮ ಕಾಲು ಮುರಿದುಕೊಂಡು ಮಲಗಿದ್ದರಿಂದ ಬಾಣಂತನವೂ ಇಲ್ಲೇ ಆಯಿತು. ಹೆರಿಗೆಯ ಬೆನ್ನಿಗೇ ನನಗೆ ಜ್ವರ ಏರಿತು. ಆಸ್ಪತ್ರೆಯಿಂದ ಹೊರಗೆ ಬರುವಷ್ಟರಲ್ಲಿ ಎದೆಹಾಲು ಬತ್ತಿಹೋಗಿತ್ತು. ಡಾಕ್ಟರಮ್ಮ ಡಬ್ಬಿ ಹಾಲು ಬರೆದುಕೊಟ್ಟರು.

ಮಗು ಆ ಹಾಲು ಕುಡಿದು ಹತ್ತು ನಿಮಿಷಕ್ಕೆ ಕಾಲು ಹೊಟ್ಟೆಗೆ ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿತ್ತು. ಅದು ಅಳುತ್ತಿತ್ತು, ನಾನೂ ಅಳುತ್ತಿದ್ದೆ. ನನ್ನ ಎದೆಯಲ್ಲಿ ಹಾಲಿಲ್ಲದ್ದಕ್ಕೇ ಇದಕ್ಕೆ ಈ ಗತಿ, ನಾನು ತಾಯಿಯಾಗಲು ಲಾಯಕ್ಕಿಲ್ಲ ಎಂದು ನನಗೆ ಖಾತ್ರಿಯಾಗಿಬಿಟ್ಟಿತ್ತು.

ಮೂರನೆಯ ದಿನ ಮಾವ ಕುರಿಗಳನ್ನು ಮಗನಿಗೆ ಒಪ್ಪಿಸಿ, ಕೈಕಾಲು ತೊಳೆದು ಒಳಗೆ ಬಂದರು. ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ಎಂದು ನೋಡುವ ಹಾಗೆ ಮಗುವಿನ ಹೊಟ್ಟೆಯನ್ನು ಒಂದೇ ಬೆರಳಿನಲ್ಲಿ ಮೆಲ್ಲಗೆ ತಟ್ಟಿ, ಕಿವಿ ಹತ್ತಿರ ತಂದರು.

"ಆಲಿನ ತಪ್ಪಲ್ಲ ಕಣವ್ವ. ಒಟ್ಟೇಲಿ ಗಾಳಿ ಐತೆ. ಎಲ್ಲಿ, ಆಲು ಕಲ್ಸು ನೋಡಾನ."

ಕಾಯಿಸಿ ಆರಿಸಿದ ನೀರಿಗೆ ಅಳತೆಯ ಪುಡಿ ಹಾಕಿ, ಮುಚ್ಚಳ ಬಿಗಿದು, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿದೆ.

"ನಿಲ್ಸು ನಿಲ್ಸು! ಮಜ್ಜಿಗೆ ಕಡೀತಾ ಇದ್ದೀಯಾ? ನೊರೆ ನೋಡು. ಅದೆಲ್ಲ ಗಾಳಿ. ಆ ಗಾಳೀನೇ ಕೂಸು ಕುಡಿಯೋದು!"

ತಾಯಿ ಸತ್ತ ಕುರಿಮರಿಗಳನ್ನು ಐವತ್ತು ವರ್ಷದಿಂದ ಬಾಟಲಿಯಲ್ಲಿ ಸಾಕಿದ ಮನುಷ್ಯ! ಅವತ್ತಿನಿಂದ ಹಾಲಿನ ಖಾತೆ ಅವರದೇ ಆಯಿತು. ಬಾಟಲಿಯನ್ನು ಅಲ್ಲಾಡಿಸುವ ಹಾಗಿಲ್ಲ, ಮೆಲ್ಲಗೆ ತಿರುಗಿಸಬೇಕು. ನೊರೆ ಇಳಿಯುವವರೆಗೂ ಎದುರಿಗೆ ಕೂತು ಅದನ್ನೇ ನೋಡಬೇಕು. ಮಗು ಅತ್ತ ಮೇಲೆ ಹಾಲು ಕಲಸಿದರೆ ಅಳುತ್ತಾ ಇನ್ನಷ್ಟು ಗಾಳಿ ನುಂಗುತ್ತದಲ್ಲ? ಆದ್ದರಿಂದ ಅಳುವ ಮೊದಲೇ ಅವರು ಕಂಡುಹಿಡಿಯುತ್ತಿದ್ದರು. "ನಾಲ್ಗೆ ಆಡಿಸ್ತಾ ಐತೆ, ಎದ್ದೇಳು!" ಎಂದು ಜಗಲಿಯಿಂದಲೇ ಕೂಗು. ಮಗುವಿನ ತಲೆ ಎತ್ತರದಲ್ಲಿರಬೇಕು, ನಿಪ್ಪಲ್ ತುಂಬ ಹಾಲಿರುವ ಹಾಗೆ ಬಾಟಲಿ ಓರೆಯಾಗಿರಬೇಕು. ಅರ್ಧ ಕುಡಿದ ಮೇಲೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹೆಗಲಿಗೆ ಹಾಕಿ ಬೆನ್ನು ತಟ್ಟಬೇಕು. ಬೆನ್ನು ತಟ್ಟುವುದನ್ನು ಮಾತ್ರ ಊರಿನ ನರ್ಸಮ್ಮ ಕಲಿಸಿದ್ದು. "ಕುರಿಮರಿ ತಾನೇ ತೇಗ್ತೈತೆ. ಮನುಷ್ರ ಮರಿ ಸೋಮಾರಿ," ಎನ್ನುವುದು ಅದಕ್ಕೆ ಮಾವ ಕೊಟ್ಟ ವಿವರಣೆ.

ಒಂದು ಬೆಳಿಗ್ಗೆ ಟಗರು ಕೊಳ್ಳಲು ಒಬ್ಬರು ಬಂದರು. ಮಾವ ಹೆಗಲ ಮೇಲೆ ಟವಲು, ಟವಲಿನ ಮೇಲೆ ಮೊಮ್ಮಗಳು ಎಂಬ ಭಂಗಿಯಲ್ಲಿ ನಿಂತಿದ್ದರು. ಆತ ಬಾಯಿ ತೆರೆದದ್ದೇ ತಡ, "ಸುಮ್ಕಿರು, ಇನ್ನೂ ತೇಗಿಲ್ಲ," ಎಂದರು. ಆತ ಕಾದ. ಕೂತು ಕಾದ. ಕೊನೆಗೆ ಎದ್ದು ಬಂದು ಮಗುವಿನ ಬಾಯಿಯನ್ನೇ ನೋಡುತ್ತಾ ಕಾದ. ಎಮ್ಮೆ ಕರುವನ್ನೂ ಮೀರಿಸುವ ತೇಗೊಂದು ಬಂದಾಗ ನನಗಿಂತ ಮೊದಲು "ಅಪ್ಪಾಡಾ!" ಎಂದು ನಿಟ್ಟುಸಿರು ಬಿಟ್ಟವನು ಆತನೇ! ಬಂದ ಕೆಲಸ ಮರೆತು ಬಸ್ ಸ್ಟಾಪಿನವರೆಗೂ ಹೋಗಿ, ತಿರುಗಿ ಬಂದ.

ತೇಗಿನಲ್ಲಿ ಹೋಗದ ಗಾಳಿಗೆ ಬೇರೆ ದಾರಿಯಿತ್ತು. ಮಗುವನ್ನು ಅಂಗಾತ ಮಲಗಿಸಿ, ಎರಡೂ ಕಾಲು ಹಿಡಿದು ಸೈಕಲ್ ತುಳಿಸುವುದು. ಸುಮ್ಮನೆ ತುಳಿಸುತ್ತಾರೆಯೇ? ಊರೂರಿನ ಹೆಸರು ಕೂಗುತ್ತಾರೆ! "ಧರ್ಮಪುರಿ ಬಂತು, ಯಾರ್ರೀ ಇಳಿಯೋರು? ಕಾರಿಮಂಗಲಂ ಬಂತು..." ಸಾಮಾನ್ಯವಾಗಿ ಕಾರಿಮಂಗಲಂ ದಾಟುವಷ್ಟರಲ್ಲಿ ಪುಸ್ಸೆಂದು ಸದ್ದಾಗುತ್ತಿತ್ತು. "ಟೈರ್ ಪಂಚರ್!" ಎಂದು ಅಜ್ಜ ನಗುತ್ತಿದ್ದರು, ಮೊಮ್ಮಗಳೂ ಬೊಚ್ಚುಬಾಯಿ ಬಿಡುತ್ತಿದ್ದಳು.

ಇನ್ನು ಬೊಟ್ಟಿನ ಕಥೆ. ಹಾಲು ಕುಡಿಸುವವರು ಮೂವರಾದ್ದರಿಂದ ತೇಗು ಬಂತೋ ಇಲ್ಲವೋ ಎಂದು ಗೊಂದಲವಾಗುತ್ತಿತ್ತು. ಒಮ್ಮೆ ನನ್ನ ಗಂಡ ತೇಗಿಸದೆ ಮಲಗಿಸಿದ್ದಕ್ಕೆ ಮಧ್ಯಾಹ್ನವೆಲ್ಲ ಮನೆ ಹಾರಿಹೋಗುವಂತೆ ಅಳು. ಮರುದಿನ ಮಾವ ತೆಂಗಿನ ಚಿಪ್ಪಿನಲ್ಲಿ ಕೆಮ್ಮಣ್ಣು ಕಲಸಿಟ್ಟರು. ಕುರಿಗಳಿಗೆ ಔಷಧಿ ಕುಡಿಸುವಾಗ ಕುಡಿದದ್ದಕ್ಕೆಲ್ಲ ನೆತ್ತಿಯ ಮೇಲೆ ಒಂದು ಕೆಂಪು ಬೊಟ್ಟು ಇಡುತ್ತಾರೆ. ಬೊಟ್ಟಿಲ್ಲದ್ದು ಇನ್ನೂ ಬಾಕಿ. ಅದೇ ಕಾಯಿದೆ ಮೊಮ್ಮಗಳಿಗೂ ಬಂತು. ತೇಗಿದ ಮೇಲೆ ಹಿಮ್ಮಡಿಗೆ ಬೊಟ್ಟು, ಮುಂದಿನ ಹಾಲಿಗೆ ಮುಂಚೆ ಒರೆಸುವುದು!

ಪೋಲಿಯೋ ಹನಿ ಹಾಕಿಸಲು ಹೋದ ದಿನ ನರ್ಸಮ್ಮ ಆ ಹಿಮ್ಮಡಿ ನೋಡಿ ಬೆಚ್ಚಿದರು. "ಇದು ಎನ್ನ ತಾತಾ, ಪುಣ್ಣಾ?" ಎಂದರು, ಇದೇನು, ಗಾಯವೇ ಎಂದು.

"ಪುಣ್ಣಿಲ್ಲ ತಾಯಿ, ತೇಗಿರೋ ಗುರ್ತು."

ಮಗುವಿಗೆ ಮಣ್ಣು ಹಚ್ಚುತ್ತಾರೆಯೇ ಎಂದು ಆಕೆ ಚೆನ್ನಾಗಿ ಬೈದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು. ಬೈಯುತ್ತಲೇ ಎರಡು ಹನಿ ಹಾಕಿ, ಪೆನ್ನು ತೆಗೆದು ಮಗುವಿನ ಕಿರುಬೆರಳಿಗೆ ಶಾಯಿಯ ಗುರುತು ಹಾಕಿದರು.

"ಇದ್ಯಾಕಮ್ಮ?" ಮಾವ ಕೇಳಿದರು.

"ಯಾರಿಗೆ ಹಾಕಿದೆವು, ಯಾರಿಗೆ ಇಲ್ಲ ಎಂದು ತಿಳಿಯಬೇಕಲ್ಲ ತಾತಾ," ಎಂದು ಆಕೆ ತಮಿಳಿನಲ್ಲಿ ಹೇಳಿದರು. ಹೇಳಿ ಮುಗಿಸಿ, ಮಾವನ ಮುಖ ನೋಡಿ, ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು. ಕೊನೆಗೆ ಮಣ್ಣಿನ ಬದಲು ಕುಂಕುಮ ಎಂದು ರಾಜಿಯಾಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಮಾವ ಕಂಡಕಂಡವರಿಗೆಲ್ಲ ಹೇಳಿದರು, "ಸರ್ಕಾರನೂ ನಮ್ ಪದ್ಧತಿಗೇ ಬಂದೈತೆ!"

ಅದರ ಮುಂದಿನ ವಾರ ಮಾವನ ಅಕ್ಕ ಎಡಪ್ಪಾಡಿಯಿಂದ ಬಂದಿಳಿದರು. ನನಗೆ ದೊಡ್ಡತ್ತೆ, ಮಗ್ಗದ ಮನೆಯ ಯಜಮಾನಿ. ಮಾವನನ್ನು "ಲೇ" ಎಂದು ಕರೆಯಬಲ್ಲ ಒಂದೇ ಜೀವ. ಚೀಲದಿಂದ ಬಜೆಬೇರು ತೆಗೆದು, ತೇಯ್ದು ಮಗುವಿನ ಬಾಯಿಗೆ ಹಾಕಲು ಹೊರಟರು.

"ಆಲು ಬಿಟ್ಟು ಏನೂ ಬ್ಯಾಡ ಅಂದವ್ರೆ ನರ್ಸಮ್ಮ," ಎಂದು ಮಾವ ಕೈ ಅಡ್ಡ ಹಿಡಿದರು.

ದೊಡ್ಡತ್ತೆಯ ಕಣ್ಣು ನನ್ನ ಕಡೆ ತಿರುಗಿತು. "ಆಲಾ? ಡಬ್ಬೀ ಆಲು! ನಮ್ ವಂಶದಾಗೆ ಇಂಗೆ ಯಾವಳ್ಗೂ ಆಗಿರ್ಲಿಲ್ಲ. ಕೂಸ್ನ ನಂಗೆ ಕೊಡು, ಆರು ತಿಂಗ್ಳು ಎಡಪ್ಪಾಡೀಲಿ ಸಾಕ್ಕೊಡ್ತೀನಿ. ಇವ್ಳ ಕೈಲಿ ಆಗಲ್ಲ."

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆ ನಾನು "ಆಗಲಿ" ಎನ್ನುವುದರಲ್ಲಿದ್ದೆ. ನನ್ನ ಕೈಯಲ್ಲಿ ಆಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಮಾವ ಜಗಳಕ್ಕೆ ಹೋಗಲಿಲ್ಲ. "ಇವ್ಳು ಬೆಳಿಗ್ಗೆಯಿಂದ ಉಂಡವ್ಳಾ?" ಎಂದು ಕೇಳಿದರು. ಅವರೇ ಒಳಗೆ ಹೋಗಿ ತಟ್ಟೆಯಲ್ಲಿ ಮುದ್ದೆ, ಹುರುಳಿ ಸಾರು ತಂದು ನನ್ನ ಮುಂದಿಟ್ಟರು. ಮಗುವನ್ನು ಹೆಗಲಿಗೆ ಹಾಕಿಕೊಂಡು ಎದುರಿಗೇ ಕೂತರು. ನಾನು ತಲೆ ತಗ್ಗಿಸಿ ತಿಂದೆ. ಕೊನೆಯ ತುತ್ತಿನವರೆಗೂ ಅವರು ಏಳಲಿಲ್ಲ.

ಕೈ ತೊಳೆದು ಬಂದಾಗ ಅವರ ಮುಂದೆ ಕೆಮ್ಮಣ್ಣಿನ ಆ ಹಳೆಯ ಚಿಪ್ಪಿತ್ತು. "ಕೈ ನೀಡವ್ವ," ಎಂದರು. ನನ್ನ ಎಡಗೈಯ ಮೇಲೆ ಹೆಬ್ಬೆರಳಿನಿಂದ ಒಂದು ಬೊಟ್ಟಿಟ್ಟರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ಮರೀಗೆ ಬಾಟ್ಲಿ ಇಡ್ದು ಇಡ್ದು, ಕಾಯಿಲೆಯಿಂದ ಎದ್ದ ತಾಯಿಕುರೀನ ಮರ್ತುಬಿಡ್ತೀವಿ ಅಕ್ಕ. ಅಂಗೆ ಎಷ್ಟು ಕಳ್ಕೊಂಡಿವ್ನಿ ನಾನು. ಈ ಕೂಸು ದಿನಕ್ಕೆ ಎಂಟು ಸಲ ಕುಡೀತೈತೆ, ಎಂಟು ಸಲಾನೂ ಇವ್ಳು ಎದ್ದವ್ಳೆ. ಮರಿ ತಾಯಿ ತಾವೇ ಇರ್ತೈತೆ."

ದೊಡ್ಡತ್ತೆ ಬಜೆಬೇರನ್ನು ಚೀಲಕ್ಕೆ ಹಾಕಿದರು. ಆಮೇಲೆ ತಮ್ಮ ಕೈಯನ್ನೂ ಚಾಚಿ, "ನಾನೂ ಉಂಡಿವ್ನಿ ಕಣ್ಲಾ. ನಂಗೂ ಇಕ್ಕು," ಎಂದರು.

"ನಿನ್ನ ಮರೆಯಾಕೆ ಯಾರ್ಗಾದ್ರೂ ಆದಾತಾ ಅಕ್ಕ?" ಎಂದರು ಮಾವ.

ಹೆಗಲ ಮೇಲಿದ್ದ ಮಗಳು ಆಗಲೇ ತೇಗಿದಳು. ಎಲ್ಲರೂ ನಕ್ಕರು. ನಾನು ನಗುತ್ತಾ ಅಳುತ್ತಾ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ಅವತ್ತು ಪಾತ್ರೆಗಳನ್ನೆಲ್ಲ ಬಲಗೈಯೊಂದರಲ್ಲೇ ತೊಳೆದೆ. ಎಡಗೈಗೆ ಒಂದು ಹನಿ ನೀರು ತಾಗಿಸಲಿಲ್ಲ.